ಬಾವುಟ ಎತ್ತಿದವನ ಕಣ್ಣು

ಚೆಂಡು ಬಲೆಯೊಳಗೆ ಹೋಯಿತು, ಲೈನ್ಸ್‌ಮನ್ನನ ಬಾವುಟ ಮೇಲೆ ಹೋಯಿತು. ಅಷ್ಟೇ ಆದದ್ದು. ಹೊಡೆದವನು ಎದುರಾಳಿಗಳನ್ನು ದಾಟಿ ಮುಂದೆ ನಿಂತಿದ್ದ, ಆಫ್‌ಸೈಡ್ ಅಂತ ಆ ಗೋಲು ಲೆಕ್ಕಕ್ಕೆ ಬರಲಿಲ್ಲ, ಹನ್ನೊಂದು ವರ್ಷ ಹಲ್ಲು ಕಚ್ಚಿಕೊಂಡು ಮೇಲಿನ ವಿಭಾಗದಲ್ಲಿ ಉಳಿದಿದ್ದ ಊರಿನ ಫುಟ್‌ಬಾಲ್ ತಂಡ ಕೆಳಗಿನ ವಿಭಾಗಕ್ಕೆ ಬಿತ್ತು. ಮರುದಿನ ಬೆಳಿಗ್ಗೆ ಕನ್ನಡಕದ ಅಂಗಡಿಯವನು ಶಟರ್ ಎತ್ತಿದ್ದು ಸೂತಕದ ಮುಖ ಹೊತ್ತುಕೊಂಡೇ.

"ನಮ್ಮ ಹುಡುಗ ಒಂದು ಮೊಳ ಹಿಂದಿದ್ದ ಕಣೇ, ನಾನೇ ಕಣ್ಣಾರೆ ನೋಡ್ದೆ," ಎಂದು ಊಟಕ್ಕೆ ಕೂತಾಗಲೂ ತಿಂಡಿಗೆ ಕೂತಾಗಲೂ ಹೆಂಡತಿಯ ತಲೆ ತಿಂದಿದ್ದ. ಅವಳು ತಟ್ಟೆ ಎತ್ತಿಕೊಳ್ಳುತ್ತಾ, "ನಮ್ಮಪ್ಪ ತೀರ್ಕೊಂಡಾಗ ನೀವು ಇದರಲ್ಲಿ ಅರ್ಧ ದುಃಖನೂ ಪಡ್ಲಿಲ್ಲ ಬಿಡಿ," ಎಂದಳು. ಅವನು ತಿರುಗಿ ರೇಗಿದ, ಅದೂ ಒಡಕು ದನಿಯಲ್ಲೇ ಹೊರಟಿತು. ತೊಂಬತ್ತು ನಿಮಿಷ ಬೇಲಿಗೆ ಹೊಟ್ಟೆ ಆನಿಸಿ ನಿಂತು ಕಿರುಚಿ ಗಂಟಲು ಕೂತುಹೋಗಿತ್ತು.

ಅಂಗಡಿಗೆ ಮೊದಲು ಬಂದವನು ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಒಳಗೆ ಬರುವಾಗ ಎಡ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. "ಕಣ್ಣು ಟೆಸ್ಟ್ ಮಾಡಿಸ್ಬೇಕಿತ್ತು," ಎಂದು ಹೇಳಿ ಕುರ್ಚಿಯ ಕಡೆ ತಿರುಗಿದ. ಬಿಸಿಲಿಗೆ ಸುಟ್ಟು ಕಪ್ಪಾದ ಆ ಕತ್ತು ಕಂಡದ್ದೇ ಅಂಗಡಿಯವನ ಮೈಯೆಲ್ಲ ಉರಿದುಹೋಯಿತು. ಆ ಕತ್ತನ್ನು ಅವನು ಮರೆಯುವುದುಂಟೇ? ನಿನ್ನೆ ಅರ್ಧ ಆಟ ಅದು ಅವನ ಮುಂದೆ ನಾಲ್ಕೇ ಮಾರು ದೂರದಲ್ಲಿತ್ತು. ಬಾವುಟ ಎತ್ತಿದವನು ಇವನೇ.

ಕೂತ್ಕೋ ಮಹರಾಯ ಕೂತ್ಕೋ, ಸರಿಯಾದ ಕಡೆಗೇ ಬಂದೆ ಎಂದುಕೊಂಡ. ಪರೀಕ್ಷೆ ಮುಗಿಯಲಿ, ಆಮೇಲೆ ಚೆನ್ನಾಗಿ ನೀರಿಳಿಸಿ ಕಳಿಸುತ್ತೇನೆ.

ಆದರೆ ಆ ಮನುಷ್ಯ ಗೋಡೆಯ ಮೇಲಿನ ಅಕ್ಷರಗಳನ್ನು ಕಟ್ಟಕಡೆಯ ಸಾಲಿನವರೆಗೂ ತಡವರಿಸದೆ ಓದಿದ. ಎರಡು ಕಣ್ಣಲ್ಲೂ ಓದಿದ.

"ಕಣ್ಣು ಚೆನ್ನಾಗೇ ಇದೆಯಲ್ಲ ಸಾರ್," ಎಂದ ಅಂಗಡಿಯವನು. ಹೊಟ್ಟೆಯುರಿಯಿಂದಲೇ ಹೇಳಿದ. ಚೆನ್ನಾಗಿ ಕಾಣುವ ಕಣ್ಣಿಟ್ಟುಕೊಂಡೇ ತಪ್ಪು ಮಾಡಿದನಲ್ಲ!

"ಎದುರಿಗಿದ್ದಿದ್ದು ಕಾಣುತ್ತೆ. ಬಾಗಿಲಿಗೆ ಗುದ್ಕೊಳ್ತೀನಿ. ಮೊನ್ನೆ ರಸ್ತೇಲಿ ಒಂದು ಸೈಕಲ್ಲು ಎಲ್ಲಿಂದ ಬಂತು ಅಂತಾನೇ ಗೊತ್ತಾಗ್ಲಿಲ್ಲ."

ಅಂಗಡಿಯವನು ಕೈಯಲ್ಲಿದ್ದ ಲೆನ್ಸು ಕೆಳಗಿಟ್ಟ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ, ಇಂಥ ಮಾತನ್ನು ಅವನು ಮೊದಲೂ ಕೇಳಿದ್ದ. ಎದುರು ಕುರ್ಚಿ ಎಳೆದುಕೊಂಡು ಕೂತ. "ನನ್ನ ಮೂಗನ್ನೇ ನೋಡ್ತಿರಿ. ಬೆರಳು ಕಂಡ ತಕ್ಷಣ ಹೇಳಿ." ಬಲಗಡೆಯಿಂದ ಬೆರಳು ತಂದ. ತುಸು ತಡವಾಗಿ, "ಹಾಂ," ಎಂದ ಆ ಮನುಷ್ಯ. ಎಡಗಡೆಯಿಂದ ತಂದ. ಕಿವಿಯ ಪಕ್ಕ ಬಂತು, ಕೆನ್ನೆಯ ಪಕ್ಕ ಬಂತು. ಆತ ಒಳ್ಳೆಯ ವಿದ್ಯಾರ್ಥಿಯ ಹಾಗೆ ಮೂಗನ್ನೇ ನೋಡುತ್ತಾ ಕಾಯುತ್ತಿದ್ದ. ಬೆರಳು ಹೆಚ್ಚುಕಡಿಮೆ ಎದುರಿಗೇ ಬಂದ ಮೇಲೆ, "ಹಾಂ, ಈಗ ಶುರು ಮಾಡಿದ್ರಲ್ವಾ," ಎಂದ.

ಅಂಗಡಿಯವನ ಕೋಪ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಇನ್ನೊಮ್ಮೆ ಮಾಡಿದ, ಇನ್ನೂ ಒಮ್ಮೆ ಮಾಡಿದ. ಬೆರಳು ಕಂಡದ್ದು ಅಲ್ಲಿಯೇ.

"ಇದು ಕನ್ನಡಕದಲ್ಲಿ ಸರಿಹೋಗೋದಲ್ಲ ಸಾರ್. ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ನರ ಸಾಯ್ತಿರಬಹುದು. ಅಂಚಿಂದಾನೇ ಹೋಗುತ್ತೆ, ಅದಕ್ಕೇ ಗೊತ್ತಾಗಲ್ಲ. ಇವತ್ತೇ ಡಾಕ್ಟರ್ ಹತ್ರ ಹೋಗ್ಬೇಕು."

"ಹೋಗಿದ್ದು ವಾಪಸ್ ಬರುತ್ತಾ?"

"ಇಲ್ಲ. ಉಳಿದಿದ್ದನ್ನ ಉಳಿಸ್ಕೋಬಹುದು."

ಆ ಮನುಷ್ಯ ಯಾರೂ ಕೇಳದೆಯೇ ಹೇಳತೊಡಗಿದ. "ನಾನು ಫುಟ್‌ಬಾಲ್ ಲೈನ್ಸ್‌ಮನ್ನು. ನಮ್ಮ ಕೆಲಸದಲ್ಲಿ ಕಣ್ಣು ಕೊನೇ ಆಟಗಾರರ ಸಾಲಿನ ಮೇಲೇ ಇರ್ಬೇಕು, ಎಡಗಡೆ ಚೆಂಡು ಒದೆಯೋದನ್ನ ಕಣ್ಣಂಚಲ್ಲೇ ಹಿಡೀಬೇಕು. ಒದ್ದ ಗಳಿಗೆ ಗೊತ್ತಾದ್ರೇನೇ ಯಾರು ಮುಂದೆ, ಯಾರು ಹಿಂದೆ ಅಂತ ತಿಳಿಯೋದು. ಒಂದು ವರ್ಷದಿಂದ ಅದು ಕಾಣ್ತಿರ್ಲಿಲ್ಲ. ವಯಸ್ಸಾಯ್ತು ಅಂದ್ಕೊಂಡೆ. ಒದ್ದ ಸದ್ದು ಕೇಳಿಸ್ಕೊಂಡು ನಿಭಾಯಿಸ್ತಿದ್ದೆ. ಕಿವಿ ಚುರುಕಾಗೇ ಇದೆ. ಆದ್ರೆ ನಿನ್ನೆ..." ತನ್ನ ಕಿವಿ ಮುಟ್ಟಿ ತೋರಿಸಿದ. "ನಿನ್ನೆ ನನ್ನ ಹಿಂದೆ ಯಾರೋ ಒಬ್ಬ ಒಂದೇ ಸಮನೆ ಕೂಗ್ತಿದ್ದ ಸಾರ್. ಒದ್ದ ಸದ್ದೇ ಕೇಳಿಸ್ಲಿಲ್ಲ."

ಅಂಗಡಿಯವನು ಲೆನ್ಸಿನ ಪೆಟ್ಟಿಗೆ ಮುಚ್ಚಿದ, ಮತ್ತೆ ತೆರೆದ. ಕೈ ತಾನಾಗಿ ಕೂತುಹೋದ ಗಂಟಲಿಗೆ ಹೋಯಿತು. ಒಂದು ಗೋಲಿಗಾಗಿ ಊರೆಲ್ಲ ಅತ್ತಿತ್ತು, ಅವನೂ ಅತ್ತಿದ್ದ. ಈಗ ಆ ಅಳು ನೆನೆದರೇ ನಾಚಿಕೆಯಾಯಿತು, ನೋವೂ ಆಯಿತು.

"ಮೂವತ್ತು ವರ್ಷದಲ್ಲಿ ಒಂದು ತಂಡಕ್ಕೂ ಅನ್ಯಾಯ ಮಾಡಿಲ್ಲ," ಎಂದ ಆ ಮನುಷ್ಯ. "ಇನ್ನು ಬಾವುಟ ಹಿಡಿಯೋ ಹಾಗಿಲ್ಲ, ಅದು ಗೊತ್ತಾಯ್ತು. ಕೊನೇ ಆಟ ಅದೇ. ಅದರಲ್ಲೇ ತಪ್ಪು ಮಾಡಿದ್ನಾ ಅಂತ ಒಂದೇ ಸಂಕಟ. ಬೆಳಿಗ್ಗೆ ಮಗಳು ಕೇಳಿದ್ಳು, ಅಪ್ಪಾ ಅದು ಆಫ್‌ಸೈಡಾ ಅಂತ. ಉತ್ತರ ಕೊಡೋಕೆ ಆಗ್ಲಿಲ್ಲ. ನೀವೇನಾದ್ರೂ ಆಟ ನೋಡಿದ್ರಾ?"

"ನೋಡ್ದೆ."

"ಯಾವ ತಂಡದ ಕಡೆಯವರು?"

"ಸೋತವರ ಕಡೆ."

ಆತ ಎದ್ದು ನಿಂತ. "ಹಾಗಾದ್ರೆ ನೀವೇ ಹೇಳಿ. ಮುಚ್ಚುಮರೆ ಬೇಡ."

ಒಂದು ಮೊಳ ಹಿಂದಿದ್ದ. ಅಂಗಡಿಯವನ ಕಣ್ಣಿಗೆ ಅದು ಈಗಲೂ ಕಟ್ಟಿದಂತಿತ್ತು. ಆ ಒಂದು ಮೊಳವನ್ನು ಅವನು ಸಾಯುವ ತನಕ ಜತನ ಮಾಡಬೇಕೆಂದಿದ್ದ, ಮೊಮ್ಮಕ್ಕಳಿಗೂ ಹೇಳಬೇಕೆಂದಿದ್ದ.

"ಆಫ್‌ಸೈಡೇ ಸಾರ್," ಎಂದ. "ಮಗಳಿಗೆ ಧೈರ್ಯವಾಗಿ ಹೇಳಿ."

"ಸೋತವರೇ ಹೇಳ್ತಿದ್ದೀರಿ ಅಂದ್ರೆ ಇನ್ನೇನು ಬೇಕು," ಎಂದು ಆ ಮನುಷ್ಯ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಮುಖ ಹಗುರಾಗಿತ್ತು.

ಅವನೊಬ್ಬನನ್ನೇ ಕಳಿಸಲು ಅಂಗಡಿಯವನಿಗೆ ಮನಸ್ಸು ಬರಲಿಲ್ಲ. ಅಂಗಡಿ ಮುಚ್ಚಿ, ಡಾಕ್ಟರ ಬಳಿಗೆ ತಾನೇ ಕರೆದುಕೊಂಡು ಹೊರಟ. ವಾಹನಗಳು ಬರುತ್ತಿದ್ದುದರಿಂದ ಅವನ ತೋಳು ಹಿಡಿದು ಎಡಗಡೆಯಲ್ಲಿ ನಡೆದ. ದಾರಿಯುದ್ದಕ್ಕೂ ಆತ ಮಗಳ ವಿಷಯ ಹೇಳುತ್ತಲೇ ಇದ್ದ. ಎಡಪಕ್ಕದಲ್ಲಿ ನಡೆಯುತ್ತಿದ್ದವನು ಅಳುತ್ತಿರುವುದು ಅವನಿಗೆ ಕಾಣಲಿಲ್ಲ.