ಗಡಿಯಾರದ ತಾತನ ಮೂಗು

ನೆಂಟರ ಪೈಕಿ ಫ್ರೇಮ್ ಅತ್ತೆಯನ್ನು ಅರಿಯದವರಿಲ್ಲ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವಳದು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜಿನ ಹಾಳೆಗಳ ಪಕ್ಕ ಒಂದು ಮುದಿ ಕಂಪ್ಯೂಟರ್, ಅದರೊಳಗೆ ಇಡೀ ಮನೆತನ. ಹುಟ್ಟಿದವರು, ಸತ್ತವರು, ಮುನಿಸಿಕೊಂಡು ಮಾತು ಬಿಟ್ಟವರು, ಎಲ್ಲರನ್ನೂ ವಂಶವೃಕ್ಷದ ತಂತ್ರಾಂಶಕ್ಕೆ ತಾನೇ ಕೂತು ತುಂಬಿಸಿದ್ದಳು. ಈಗ ಆ ತಂತ್ರಾಂಶದ ಕಂಪನಿ ಬಾಗಿಲು ಹಾಕಿತ್ತು, ಕಂಪ್ಯೂಟರ್ ಇವತ್ತೋ ನಾಳೆಯೋ ಎನ್ನುವಂತಿತ್ತು. ಎಲ್ಲರನ್ನೂ ಹೊಸ ತಂತ್ರಾಂಶಕ್ಕೆ ಸಾಗಿಸಿ, ದೊಡ್ಡ ಪ್ರಿಂಟ್ ತೆಗೆಸಿ, ಕಟ್ಟು ಹಾಕಿ ಭಾನುವಾರ ಅಣ್ಣನ ಮನೆಯ ಗೋಡೆಗೇರಿಸಬೇಕು. ನೆಂಟರೆಲ್ಲ ಬರುವವರಿದ್ದರು.

"ನನ್ನ ಹೆಸರು ಸ್ವಲ್ಪ ದಪ್ಪಕ್ಕೆ ಹಾಕ್ಸೇ, ಕಣ್ಣು ಮಂಜು," ಎಂದು ಅಕ್ಕ ಆಗಲೇ ಹೇಳಿಟ್ಟಿದ್ದಳು.

ಅಕ್ಕ ಈ ಮನೆಯಲ್ಲಿ ಹುಟ್ಟಿದವಳಲ್ಲ. ಅಪ್ಪ ಅಮ್ಮನಿಗೆ ಇನ್ನೂ ಮಕ್ಕಳಾಗದಿದ್ದಾಗ, ಪಕ್ಕದ ಮನೆಯಲ್ಲಿ ಅನಾಥವಾದ ಕೂಸನ್ನು ಎತ್ತಿಕೊಂಡು ಬಂದಿದ್ದರು. ಆಮೇಲೆ ಹುಟ್ಟಿದ ಅಣ್ಣನನ್ನೂ ಫ್ರೇಮ್ ಅತ್ತೆಯನ್ನೂ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮನೆಯಲ್ಲಿ ಯಾರೂ ಅವಳನ್ನು ಸಾಕುಮಗಳು ಎನ್ನಕೂಡದು, ಅದು ಅಜ್ಜಿಯ ಕಟ್ಟಪ್ಪಣೆ. ಅಜ್ಜಿ ಹೇಳುತ್ತ ಹೋದದ್ದನ್ನು ಫ್ರೇಮ್ ಅತ್ತೆ ತುಂಬಿಸುತ್ತಿದ್ದ ಕಾಲದಲ್ಲಿ ಹಳೆಯ ತಂತ್ರಾಂಶ ಅಕ್ಕನ ಸಂಬಂಧವೇನೆಂದು ಕೇಳಿತ್ತು. "ನಮ್ಮವಳು ಅಂತ ಬರಿ," ಎಂದಿದ್ದಳು ಅಜ್ಜಿ. ಮೊಮ್ಮಗಳು ಹಿಂದೆಮುಂದೆ ನೋಡದೆ 'ನಮ್ಮವರು' ಎಂಬ ಹೊಸ ಸಂಬಂಧವನ್ನೇ ಸೃಷ್ಟಿಸಿ ಬರೆದಿದ್ದಳು.

ಹೊಸ ತಂತ್ರಾಂಶಕ್ಕೆ ಅಜ್ಜಿಯ ಪರಿಚಯ ಎಲ್ಲಿಂದ ಬರಬೇಕು? ಕಡತವನ್ನು ನುಂಗುತ್ತ ನುಂಗುತ್ತ ಅರ್ಧದಲ್ಲಿ ತಡೆದು ನಿಂತಿತು. 'ನಮ್ಮವರು' ಎಂಬ ಸಂಬಂಧ ತಿಳಿಯಲಿಲ್ಲ. ಹೀಗೆ ಗುರುತಿಸಿದವರನ್ನೆಲ್ಲ ಮಕ್ಕಳು ಎನ್ನಲೇ, ಸಾಕುಮಕ್ಕಳು ಎನ್ನಲೇ, ಕೈಬಿಡಲೇ?

ಕಟ್ಟಿನ ಮರ ನೋಡಿ ಹೋಗಲು ಬಂದ ಅಣ್ಣ ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿದ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತನಾದವನು, ಇನ್ನೊಬ್ಬರ ಕಾಗದ ಓದುವ ಚಪಲ ಮಾತ್ರ ನಿವೃತ್ತಿಯಾಗಿರಲಿಲ್ಲ.

"ಕೈಬಿಡು," ಎಂದ.

"ಅಕ್ಕನ್ನ?"

"ಅಕ್ಕನ ಮೇಲೆ ನಂಗೇನು ಪ್ರೀತಿ ಇಲ್ವಾ? ಆದ್ರೆ ವಂಶವೃಕ್ಷ ಅಂದ್ಮೇಲೆ ರಕ್ತ ಬೇಕಲ್ಲಮ್ಮ. ನನ್ನ ಗೋಡೆ ಮೇಲೆ ಸುಳ್ಳು ತೂಗುಹಾಕಲ್ಲ. ಈ ಮೂಗು ನೋಡು, ಗಡಿಯಾರದ ತಾತನ ಮೂಗು! ಹಾಗೇ ಇಳಿದು ಬಂದಿದೆ."

ಗಡಿಯಾರ ರಿಪೇರಿ ಮಾಡುತ್ತಿದ್ದ ಆ ತಾತ, ಮುತ್ತಾತನ ಅಪ್ಪ, ವಂಶವೃಕ್ಷದ ಬೇರು. ಅವನ ಫೋಟೋ ಅಣ್ಣನ ಹಾಲ್‌ನಲ್ಲಿತ್ತು. ಮನೆಗೆ ಯಾರೇ ಬರಲಿ, ಅದರ ಪಕ್ಕ ನಿಂತು ಮುಖ ಓರೆ ಮಾಡಿ ತೋರಿಸುವುದು ಅಣ್ಣನ ಹಳೇ ಚಾಳಿ.

ಫ್ರೇಮ್ ಅತ್ತೆಗೆ ಮೈಯೆಲ್ಲ ಉರಿಯಿತು. ಹೊತ್ತು ಬೆಳೆಸಿದವಳಿಗೆ ಗೋಡೆಯಲ್ಲಿ ಜಾಗವಿಲ್ಲ, ಮೂಗಿಗೆ ಮಾತ್ರ ಮೆರವಣಿಗೆ! ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಅಜ್ಜಿ ಬರೆಸಿದ ಇನ್ನೊಂದು ಸಂಗತಿ ನೆನಪಾಗಿತ್ತು.

"ಆಯ್ತಪ್ಪ, ನೀನು ಹೇಳಿದ ಹಾಗೇ ಆಗ್ಲಿ. ಹೇಗೆ ಬರುತ್ತೆ ಅಂತ ಮೊದಲು ಬರೀ ತೋರಿಸುತ್ತೆ. ಬೇಡ ಅಂದ್ರೆ ಬದಲಾಯಿಸಬಹುದು," ಎಂದು ತಣ್ಣಗೆ ಹೇಳಿ 'ಕೈಬಿಡು' ಒತ್ತಿದಳು.

ಪರದೆಯ ಮೇಲೆ ಗಡಿಯಾರದ ತಾತ ಬಂದ. ಅವನ ಹೆಂಡತಿ ಬಂದಳು. ಅಷ್ಟೇ, ಆಮೇಲೆ ಬಟಾಬಯಲು.

"ಉಳಿದೋರೆಲ್ಲ ಎಲ್ಲೇ? ನಾನೆಲ್ಲಿ?"

ಅವಳು ಮೂಲೆಯಲ್ಲಿದ್ದ 'ಸಂಬಂಧವಿಲ್ಲದವರು' ಎಂಬುದನ್ನು ತೆರೆದಳು. ಜಾತ್ರೆಯೇ ನೆರೆದಿತ್ತು ಅಲ್ಲಿ. ಅಕ್ಕ, ಅಕ್ಕನ ಕೆಳಗೇ ಅಣ್ಣ, ಅವನ ಮಕ್ಕಳು ಮೊಮ್ಮಕ್ಕಳು.

"ಮುತ್ತಾತನೂ 'ನಮ್ಮವರೇ' ಕಣೋ. ಗಡಿಯಾರ ರಿಪೇರಿಗೆ ಬಂದೋರು ಯಾರೋ ಮಗೂನ ಅಂಗಡೀಲಿ ಕೂರಿಸಿ, ಈಗ ಬಂದೆ ಅಂತ ಹೋದ್ರಂತೆ. ಬರ್ಲೇ ಇಲ್ಲ. ತಾತ ಮಗ ಅಂತ ಬೆಳೆಸಿದ್ರು. ಅಜ್ಜೀನೇ ಬರೆಸಿದ್ದು."

ಅಣ್ಣನ ಕೈ ತಾನಾಗಿ ಮೂಗಿಗೆ ಹೋಯಿತು. "ಹಾಗಾದ್ರೆ ಇದು?"

"ಯಾವ ಗಿರಾಕೀದೋ ಏನೋ."

ಅಣ್ಣ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ. ಆ ಇಬ್ಬರೇ ಇದ್ದ ಖಾಲಿ ಪರದೆಯನ್ನು ನೋಡಿದ. ನೋಡುತ್ತ ನೋಡುತ್ತ ಕಣ್ಣು ತುಂಬಿತು.

"ತಾತ ಅವತ್ತು ಕೈಬಿಟ್ಟಿದ್ರೆ ನಾವೆಲ್ಲಿರ್ತಿದ್ವೇ?" ಎಂದ. ಆಮೇಲೆ ಮೆಲ್ಲಗೆ, "ಸಾಕುಮಕ್ಕಳು ಅನ್ನೋದೂ ಬೇಡ. ಮಕ್ಕಳು ಅಂತ ಒತ್ತು."

"ಗಟ್ಟಿಯಾಗಿ ಹೇಳು, ಗರಗಸದ ಸದ್ದು." ಅಂಗಡಿಯಲ್ಲಿ ಮರ ಕೊಯ್ಯುವ ಗರಗಸ ಬೆಳಗಿನಿಂದ ಆಡಿರಲೇ ಇಲ್ಲ.

"ಮಕ್ಕಳು ಅಂತ ಒತ್ತೇ, ಮಾರಾಯ್ತಿ!"

ಒತ್ತಿದಳು. ತಾತನ ಕೆಳಗೆ ಮುತ್ತಾತ ಬಂದ, ಅವನ ಹಿಂದೆ ದಂಡು ದಂಡಾಗಿ ಮಂದಿ ಬಂದು ಪರದೆ ತುಂಬಿದರು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಗೆದ್ದೆ ಎಂದು ಫ್ರೇಮ್ ಅತ್ತೆ ಕೋಣೆಯಲ್ಲಿ ಕುಣಿದದ್ದನ್ನು ಗಾಜಿನ ಹಾಳೆಗಳು ಮಾತ್ರವಲ್ಲ, ಅಣ್ಣನೂ ನೋಡಿದ.

ಭಾನುವಾರ ಅಕ್ಕ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಬೆರಳಾಡಿಸಿದಳು. ಅಪ್ಪ ಅಮ್ಮನ ಕೆಳಗೆ ದಪ್ಪಕ್ಷರದಲ್ಲಿ ಮೊದಲು ಅವಳ ಹೆಸರು, ಆಮೇಲೆ ಅಣ್ಣನದು.

"ಮೊದಲನೇ ಮಗು ನಾನು ಅಂತ ಮೆರೀತಿದ್ದೋನು ಎರಡನೇದಾಗಿ ಹೋದ್ನಾ?"

"ನೀನು ಮೊದಲು ಬಂದೋಳಲ್ವಾ ಅಕ್ಕ," ಎಂದ ಅಣ್ಣ.

ಅಷ್ಟರಲ್ಲಿ ಹೊಸ ಬೀಗರು ಒಳಗೆ ಬಂದರು. ಅಣ್ಣ ಎಂದಿನಂತೆ ಅವರನ್ನು ಗೋಡೆಯ ಬಳಿ ಕರೆದೊಯ್ದ. ಮುಖ ಓರೆ ಮಾಡುತ್ತಾನೋ ಏನೋ ಎಂದು ಫ್ರೇಮ್ ಅತ್ತೆ ಉಸಿರು ಬಿಗಿಹಿಡಿದಳು. ಅವನು ತಾತನ ಫೋಟೋ ದಾಟಿ ಮುಂದೆ ಹೋದ, ಅಕ್ಕನ ಹೆಸರಿನ ಮೇಲೆ ಬೆರಳಿಟ್ಟ.

"ಇವಳು ನಮ್ಮಕ್ಕ," ಎಂದ. "ಇಲ್ಲಿಂದ ಓದೋಕೆ ಶುರು ಮಾಡಿ."