ಬೂಬ ಒತ್ತಿದ ಹೆಬ್ಬೆಟ್ಟು

ರುಡೊಲ್ಫನ ವಂಶದಲ್ಲಿ ಎಲ್ಲರೂ ಸಂಬಳ ತೆಗೆದುಕೊಂಡವರೇ. ಸಂಬಳ ಕೊಟ್ಟವನೆಂದರೆ ಇವನೇ ಮೊದಲು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆದು ಬರೆದು ಸವೆದವರು. ಮಗ ಕುದ್ರೋಳಿಯ ಆಚೆ, ಮೀನು ಇಳಿಸುವ ದಕ್ಕೆಯ ಹತ್ತಿರ, ಐಸ್ ಫ್ಯಾಕ್ಟರಿ ಹಾಕಿದ. ಆಳುಗಳು ಇಪ್ಪತ್ತಾಗುವವರೆಗೆ ಎಲ್ಲ ಸಲೀಸಾಗಿತ್ತು. ಶನಿವಾರ ಕರೆದು ಕೈಗೆ ಕೊಟ್ಟರೆ ಮುಗಿಯಿತು. ೧೯೬೩ರಲ್ಲಿ ಸರಕಾರದ ಕಾಗದ ಬಂತು. ಇನ್ನು ಹಾಜರಿ ಪುಸ್ತಕ, ಸಂಬಳ ಪುಸ್ತಕ, ಎಲ್ಲರಿಗೂ ಪ್ರಾವಿಡೆಂಟ್ ಫಂಡ್. ಆಳು ಸತ್ತರೆ ಫಂಡಿನ ಹಣ ಯಾರಿಗೆ ಸೇರಬೇಕೆಂದು ಅವನನ್ನೇ ಕೇಳಿ ಬರೆಯುವ ಫಾರಂ ಒಂದು ಬೇರೆ.

ಐಸ್ ಹೊರುವ ಬೂಬ ಯೋಚಿಸಲೇ ಇಲ್ಲ. "ಸುಂದರಿ ಅಂತ ಬರೀರಿ ಪೊರ್ಬು. ನನ್ನ ತಂಗಿ." ಕೊಂಕಣಿ ಕ್ರಿಸ್ತಿಯನ್ನರನ್ನು ಊರಿನವರು ಮರ್ಯಾದೆಯಿಂದ ಕರೆಯುವುದು ಪೊರ್ಬು ಎಂದೇ.

"ಹೆಂಡತಿ ಇಲ್ವಾ ಮಾರಾಯ?"

"ಲಕ್ಷ್ಮೀ ಇದ್ದಾಳೆ, ಉರ್ವದಲ್ಲಿ, ಅವಳ ತಾಯಿಮನೆಯಲ್ಲಿ. ಅವಳನ್ನು, ಮಕ್ಕಳನ್ನು ನೋಡ್ಲಿಕ್ಕೆ ಅವಳ ಅಣ್ಣಂದಿರು ಇದ್ದಾರೆ. ಸುಂದರಿಗೆ ನಾನಲ್ಲದೆ ಯಾರು?"

ಬೂಬನ ಜನರಲ್ಲಿ ಕ್ರಮವೇ ಹಾಗೆ. ಮನೆತನ ತಾಯಿಯ ಕಡೆಯಿಂದ. ಗಂಡಸಿನ ದುಡಿಮೆ ಅಕ್ಕತಂಗಿಯರ ಮನೆಗೆ. ಮಂಗಳೂರಿನಲ್ಲಿ ಹುಟ್ಟಿದ ರುಡೊಲ್ಫನಿಗೆ ಇದು ಗೊತ್ತಿತ್ತು. ಫಾರಂ ಮಾಡಿದ ಮಹಾನುಭಾವರಿಗೆ ಗೊತ್ತಿರಲಿಲ್ಲ. ತಿಂಗಳೊಳಗೆ ಅದು ಕೆಂಪು ಶಾಯಿಯ ಗೀಟಿನೊಂದಿಗೆ ಮರಳಿತು: ಕುಟುಂಬವೆಂದರೆ ಹೆಂಡತಿ ಮಕ್ಕಳು, ತಂಗಿ ಅದರಲ್ಲಿ ಸೇರುವುದಿಲ್ಲ, ಬೇರೆ ಬರೆದು ಕಳುಹಿಸಿ.

ಅಂದು ಯಂತ್ರ ಕೆಟ್ಟು ದೋಣಿಯವರು ಬಾಗಿಲಲ್ಲಿ ನಿಂತು ಬೊಬ್ಬೆ ಹಾಕುತ್ತಿದ್ದರು. ರುಡೊಲ್ಫನ ತಲೆ ಕೆಟ್ಟುಹೋಗಿತ್ತು. ಹೊಸ ಫಾರಂನಲ್ಲಿ ತಾನೇ ಲಕ್ಷ್ಮೀಯ ಹೆಸರು ಗೀಚಿ, ಐಸ್ ಒಡೆಯುತ್ತಿದ್ದ ಬೂಬನ ಮುಂದೆ ಹಿಡಿದ. ಬೂಬ ಕೈಯನ್ನು ಉಟ್ಟ ಮುಂಡಿಗೆ ಒರೆಸಿಕೊಂಡು ಕೇಳಿದ, "ಸುಂದರಿಯದ್ದೇ ಉಂಟಲ್ಲ ಪೊರ್ಬು?"

"ಉಂಟು, ಉಂಟು. ನೀನು ಒತ್ತು."

ಬೂಬ ಒತ್ತಿದ. ನಾಳೆ ಸಮಾಧಾನದಲ್ಲಿ ಬಿಡಿಸಿ ಹೇಳಿದರಾಯಿತು ಎಂದುಕೊಂಡ ರುಡೊಲ್ಫ. ಆ ನಾಳೆ ಎರಡು ವರ್ಷವಾದರೂ ಬರಲಿಲ್ಲ. ಆಮೇಲೆ ಬೂಬನಿಗೆ ಜ್ವರ ಬಂತು, ನಾಲ್ಕನೇ ದಿನ ಸತ್ತುಹೋದ.

ಬೊಜ್ಜ, ಅಂದರೆ ಸತ್ತವನ ಉತ್ತರಕ್ರಿಯೆ, ಮುಗಿದ ಮರುದಿನ ಇಬ್ಬರು ಹೆಂಗಸರು ಆಫೀಸಿಗೆ ಬಂದರು. ಸುಂದರಿ ಕುರ್ಚಿಯಲ್ಲಿ ಕೂತಳು. ಅಣ್ಣನ ಹಣಕ್ಕೆ ಬಂದವಳು ತಾನೇ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಲಕ್ಷ್ಮೀ ಬರೇ ಜೊತೆಗೆ ಬಂದವಳು, ಬಾಗಿಲ ಹತ್ತಿರ ನಿಂತಿದ್ದಳು. ರುಡೊಲ್ಫ ಬೆವರುತ್ತಾ ಕಾಗದ ತೆಗೆದ.

"ಹಣ ಲಕ್ಷ್ಮೀಯ ಹೆಸರಿನಲ್ಲಿ ಉಂಟು."

ಲಕ್ಷ್ಮೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾವಿನ ಮನೆಯಲ್ಲೂ ಅಷ್ಟು ಅತ್ತಿರಲಿಲ್ಲವೇನೋ, ಈಗ ಬಿಕ್ಕಿ ಬಿಕ್ಕಿ ಅತ್ತಳು. "ಹನ್ನೆರಡು ವರ್ಷ ನೆಂಟರ ಹಾಗೆ ಬಂದು ಹೋದರು. ಒಂದು ದಿನವೂ ನೀನು ನನ್ನವಳು ಅಂತ ಹೇಳಿದವರಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಲ್ಲ! ಬರೆಸಿದ್ದರಲ್ಲ!"

ಹಣ ದೊಡ್ಡದೇನಲ್ಲ, ಒಂದು ಮಳೆಗಾಲ ಕಳೆಯುವಷ್ಟು. ಆದರೆ ಅವಳ ಮುಖ ನೋಡಿದ ರುಡೊಲ್ಫನಿಗೆ ಎದೆ ಹಗುರಾಯಿತು. ತಪ್ಪೇ ಒಳ್ಳೆಯದಾಯಿತು, ಸುಮ್ಮನಿದ್ದುಬಿಡೋಣ ಎಂದು ಆಸೆ ಹುಟ್ಟಿತು.

ಸುಂದರಿ ಮಾತ್ರ ಕಲ್ಲಾಗಿ ಕೂತಿದ್ದಳು. "ನಿನ್ನ ಹೆಸರೇ ಹಾಕಿಸಿದ್ದೇನೆ ಅಂತ ಅಣ್ಣ ನನ್ನ ಮಕ್ಕಳ ತಲೆ ಮುಟ್ಟಿ ಹೇಳಿದ್ದ. ಮಕ್ಕಳ ತಲೆ ಮುಟ್ಟಿ ಸುಳ್ಳು ಹೇಳಿದನಾ ಪೊರ್ಬು?"

ಸತ್ತವನು ಎದ್ದು ಬಂದು ಉತ್ತರ ಕೊಡಲಾರ. ಕೊಡಬಲ್ಲವನು ಲೋಕದಲ್ಲಿ ಒಬ್ಬನೇ.

"ಬೂಬ ಸುಳ್ಳು ಹೇಳಲಿಲ್ಲ," ಎಂದ ರುಡೊಲ್ಫ. "ಹೇಳಿದವ ನಾನು." ಕೆಂಪು ಶಾಯಿಯಿಂದ ಹಿಡಿದು ಹೆಬ್ಬೆಟ್ಟಿನ ತನಕ ಎಲ್ಲ ಹೇಳಿದ. ಯಾವುದನ್ನೂ ಬಿಡಲಿಲ್ಲ.

ಸುಂದರಿ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟಳು. ಅವಳ ಅಣ್ಣ ಅವಳಿಗೆ ಮರಳಿ ಸಿಕ್ಕಿದ್ದ. ಲಕ್ಷ್ಮೀಯ ಕೈ ಬಾಯಿಂದ ನಿಧಾನವಾಗಿ ಕೆಳಗಿಳಿಯಿತು.

"ಹಾಗಾದರೆ ನನ್ನ ಹೆಸರು ಅವರು ಹೇಳಲೇ ಇಲ್ಲ?"

"ಬರೆಯಲಿಕ್ಕೆ ಹೇಳಲಿಲ್ಲ."

ಅವಳು ಮೇಜಿನ ಹತ್ತಿರ ಬಂದು, ಹಣದ ಅರ್ಜಿಯಲ್ಲಿ ರುಡೊಲ್ಫ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು. "ಹಣ ಬಂದಾಗ ನಾನೇ ತಂದು ಇವಳ ಕೈಗೆ ಕೊಡ್ತೇನೆ. ಅವರ ಮಾತು ನಡೀಲಿ." ಸುಂದರಿ ಎದ್ದು "ಅತ್ತಿಗೆ" ಎಂದು ಅವಳ ಕೈ ಹಿಡಿಯಲು ಹೋದಳು. ಲಕ್ಷ್ಮೀ ನಿಲ್ಲಲಿಲ್ಲ. ಬಾಗಿಲು ದಾಟುವಾಗ ಮಾತ್ರ ರುಡೊಲ್ಫನ ಕಡೆ ತಿರುಗಿದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ.

"ಎರಡು ವರ್ಷ ಹೇಳದೆ ಇದ್ದಿರಲ್ಲ ಪೊರ್ಬು," ಎಂದಳು. "ಇವತ್ತೊಂದು ದಿನ ಅವರು ನನ್ನವರಾಗಿ ಇರಲಿ ಅಂತ ಬಿಟ್ಟು, ನಾಳೆ ಹೇಳಬಹುದಿತ್ತು."