ರೆಪ್ಪೆಯ ಹಿಂದಿನ ಬೆರಳು

ಬಿಳಿ ಬಟ್ಟೆಯ ಮೇಲೆ ನೀಲಿ ಚಾಕಿನ ಗೆರೆ ನೆಟ್ಟಗೇ ಇತ್ತು. ಕತ್ತರಿ ಮಾತ್ರ ತೋಳಿನ ಅರ್ಧಕ್ಕೆ ಬಂದಾಗ ಗೆರೆ ಬಿಟ್ಟು ಒಳಗೆ ನುಗ್ಗಿತು.

"ಅಯ್ಯೋ ಅತ್ತೆ! ನರ್ಸಮ್ಮನ ಕೋಟು!" ಎಂದು ಸೊಸೆ ಮೆಷಿನ್ ಬಿಟ್ಟು ಎದ್ದಳು.

ಓಣಿಯವರು ಕತ್ತರಿಯಮ್ಮ ಎಂದೇ ಕರೆಯುವ ಆ ದರ್ಜಿಯ ಕೈ ತಪ್ಪಿರಲಿಲ್ಲ. ಎಡಗಣ್ಣಿನ ರೆಪ್ಪೆ ಒಂದೆರಡು ವರ್ಷದಿಂದ ಮೆಲ್ಲಗೆ ಇಳಿದು, ಅರ್ಧ ಎಳೆದ ಷಟರಿನ ಹಾಗೆ ನೋಟಕ್ಕೆ ಅಡ್ಡ ಬಂದಿತ್ತು. ಅದರಡಿಯಿಂದ ನೋಡಲು ಅವಳು ಹುಬ್ಬೇರಿಸಿ, ಗದ್ದ ಎತ್ತಿ ಕೂರುತ್ತಿದ್ದಳು. ಸಂಜೆಗೆ ಹಣೆ ಸಿಡಿಯುತ್ತಿತ್ತು, ಕತ್ತು ಹಿಡಿದುಕೊಳ್ಳುತ್ತಿತ್ತು. ಹೊಸ ಗಿರಾಕಿಗಳು "ಈಯಮ್ಮನಿಗೆ ಎಷ್ಟು ಜಂಭ" ಎಂದುಕೊಂಡು ಹೋಗುತ್ತಿದ್ದರು.

ಸೊಸೆ ಕತ್ತರಿಯನ್ನು ಎತ್ತರದ ಮೊಳೆಗೆ ನೇತುಹಾಕಿದಳು. "ಇನ್ಮೇಲೆ ಕಟಿಂಗ್ ನಾನೇ ಮಾಡ್ತೀನಿ. ನೀವು ಗುಂಡಿ ಹಾಕಿ ಸಾಕು."

ಅತ್ತೆ ಕತ್ತರಿ ಹಿಡಿದು ಹಿಡಿದು ಹೆಬ್ಬೆರಳಿನಲ್ಲಿ ಎದ್ದಿದ್ದ ಜಡ್ಡನ್ನು ಸವರಿಕೊಂಡಳು.

ಅಷ್ಟರಲ್ಲಿ ನರ್ಸಮ್ಮನೇ ಬಂದಳು. ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಅವಳಿಗೆ. ತೋಳನ್ನು ನೋಡಿದಳು, ಆಮೇಲೆ ಮುಖ ನೋಡಿದಳು. "ತೋಳು ಹೋದ್ರೆ ಹೋಗಲಿ ಬಿಡಿ ಅಮ್ಮ. ಕಣ್ಣು ತೋರಿಸಿದ್ರಾ?"

"ವಯಸ್ಸಾದ ಮೇಲೆ ಜೋಲೋದು ಇದ್ದದ್ದೇ ಸಿಸ್ಟರ್. ಕೆನ್ನೆ ಜೋತಿಲ್ವಾ? ಅದಕ್ಕೂ ಆಸ್ಪತ್ರೆಗೆ ಹೋಗ್ಲಾ?"

"ಕೆನ್ನೆಯಲ್ಲಿ ನೋಡಿ ಯಾರೂ ಬಟ್ಟೆ ಕತ್ತರಿಸಲ್ಲಮ್ಮ."

ಸೊಸೆ ಕಿಸಕ್ಕನೆ ನಕ್ಕಳು. "ಅವರಿಗೆ ಭಯ ಸಿಸ್ಟರ್. ಮೊನ್ನೆ ಟೇಪ್ ಅಂಟಿಸಿ ಆ ರೆಪ್ಪೆ ಎತ್ತಿ ನಿಲ್ಲಿಸಿದೆ. ಅದೇನೋ ಎದ್ದಿತು, ಚೆನ್ನಾಗಿದ್ದ ಬಲಗಡೆಯದು ಇಳಿದುಬಿಡ್ತು!"

"ಟೇಪಿಗೇ ಇಷ್ಟು ರಂಪ. ಡಾಕ್ಟರು ಕೈ ಹಾಕಿದ್ರೆ ಎರಡೂ ಮುಚ್ಚಿಹೋಗ್ತವೆ. ನನ್ನನ್ನ ಬಿಟ್ಟುಬಿಡಿ," ಎಂದಳು ಕತ್ತರಿಯಮ್ಮ.

ನರ್ಸಮ್ಮ ಕೈ ತೊಳೆದು ಬಂದು ಎಡರೆಪ್ಪೆಯನ್ನು ಬೆರಳಿನಿಂದ ಹಗುರವಾಗಿ ಎತ್ತಿ ಹಿಡಿದಳು. ಬಲರೆಪ್ಪೆ ಇಳಿಯಿತು. ಬೆರಳು ತೆಗೆದಳು. ಅದು ಮತ್ತೆ ಎದ್ದಿತು. ಸೊಸೆ ಬಾಯಿ ಬಿಟ್ಟುಕೊಂಡು ನಿಂತಳು.

"ಎರಡು ರೆಪ್ಪೆಗೂ ಮಿದುಳು ಕೊಡೋದು ಒಂದೇ ಅಪ್ಪಣೆ. ಒಂದು ಪೆಡಲಿಗೆ ಎರಡು ಮೆಷಿನ್ ಕಟ್ಟಿದ ಹಾಗೆ. ಎಡಗಡೆಯದು ಏಳಲಿ ಅಂತ ಎರಡಕ್ಕೂ ಸೇರಿಸಿ ಜೋರಾಗಿ ತುಳೀತಿತ್ತು. ನಾನು ಎತ್ತಿ ಹಿಡಿದೆ, ಸಾಕಪ್ಪ ಅಂತ ಕಾಲು ಸಡಿಲ ಬಿಡ್ತು. ಬಲಗಡೆಯದೂ ಒಂಚೂರು ಸಡಿಲ ಇದೆ ಅಮ್ಮ. ಇಷ್ಟು ದಿನ ಕಾಣ್ತಿರಲಿಲ್ಲ, ಅಷ್ಟೇ."

"ರೆಪ್ಪೆ ಎಷ್ಟು ಎದ್ದಿದೆ ಅಂತ ಮಿದುಳಿಗೆ ಹೇಳೋರು ಯಾರು?" ಎಂದಳು ಕತ್ತರಿಯಮ್ಮ.

"ಬಾಬಿನ್‌ಗೆ ದಾರ ಸುತ್ತುವಾಗ ಬಿಗಿ ಸಾಲದು ಅಂತ ನಿಮಗೆ ಯಾರು ಹೇಳ್ತಾರೆ?"

"ಯಾರು ಹೇಳಬೇಕು? ದಾರ ಹಿಡಿದ ಬೆರಳಿಗೇ ಗೊತ್ತಾಗುತ್ತೆ."

"ಅಂಥ ಬೆರಳು ರೆಪ್ಪೆಯಲ್ಲೂ ಇದೆ. ಎತ್ತೋದು ಒಂದು ದೊಡ್ಡ ಸ್ನಾಯು. ಅದರ ಹಿಂದೆ ಒಂದು ಪುಟಾಣಿ ಸ್ನಾಯು, ತೆಳ್ಳಗೆ. ಕಣ್ಣು ಬಿಟ್ಟಾಗ ಅದು ಹಿಗ್ಗುತ್ತೆ, ಹಿಗ್ಗಿದ ಸುದ್ದಿ ಮಿದುಳಿಗೆ ಹೋಗುತ್ತೆ. ಮಿದುಳು ದೊಡ್ಡದಕ್ಕೆ ‘ಹಿಡಿದಿರು, ಬಿಡಬೇಡ’ ಅನ್ನುತ್ತೆ. ನಿಮ್ಮನ್ನ ಒಂದು ಮಾತೂ ಕೇಳಲ್ಲ! ಸಂಶೋಧಕರು ಕಂಡುಕೊಂಡಿರೋದು ಹೀಗೆ. ಇನ್ನೂ ಹುಡುಕ್ತಾನೇ ಇದ್ದಾರೆ."

ಕತ್ತರಿಯಮ್ಮ ತನ್ನ ಬೆರಳುಗಳನ್ನೇ ನೋಡಿಕೊಂಡಳು. ನಗುವಾಗ, ಅಳುವಾಗ, ಸೂಜಿಗೆ ದಾರ ಪೋಣಿಸುವಾಗ, ಅವಳ ಬೆರಳಿನಂಥದೇ ಒಂದು ಬೆರಳು ಒಳಗೆ ಕೂತು ಬಿಗಿ ನೋಡುತ್ತಲೇ ಇತ್ತು. ಹುಟ್ಟಿದಾಗಿನಿಂದ ಅವಳಿಗದು ಗೊತ್ತೇ ಇರಲಿಲ್ಲ. ರೆಪ್ಪೆ ಮುಟ್ಟಲು ಹೋದ ಕೈಯನ್ನು ಹಿಂದೆ ತೆಗೆದಳು. ಎದ್ದು ಹೋಗಿ ಕೈ ತೊಳೆದು ಬಂದು, ಆಮೇಲೆ ಮುಟ್ಟಿದಳು.

"ಹಾಗಾದ್ರೆ ನನಗೆ ಏನಾಗಿದೆ?"

"ಎತ್ತೋ ಸ್ನಾಯು ಗಟ್ಟಿಯಾಗೇ ಇದ್ದು, ರೆಪ್ಪೆಗೆ ಕೂಡಿಸಿದ ಕಡೆ ಸಡಿಲ ಆಗಿರಬಹುದು. ವಯಸ್ಸಿನಲ್ಲಿ ಹಾಗಾಗೋದುಂಟು. ಬೇರೆ ಕಾರಣಾನೂ ಇರಬಹುದು, ಡಾಕ್ಟರು ನೋಡಿಯೇ ಹೇಳಬೇಕು."

"ಹೊಲಿಗೆ ಸಡಿಲ ಆಗಿದ್ರೆ ಮತ್ತೆ ಹೊಲೀಬಹುದಲ್ಲ!" ಎಂದು ಕತ್ತರಿಯಮ್ಮ ಚಪ್ಪಲಿ ಹುಡುಕಿದಳು.

ಡಾಕ್ಟರು ಪರೀಕ್ಷೆ ಮಾಡಿ, ನರ್ಸಮ್ಮ ಊಹಿಸಿದ್ದೇ ಸರಿ, ಎರಡೂ ರೆಪ್ಪೆಯನ್ನು ಒಟ್ಟಿಗೇ ಬಿಗಿ ಮಾಡೋಣ ಎಂದರು. ಆಪರೇಷನ್ ದಿನ ರೆಪ್ಪೆಗಳಿಗಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟರು, ಅವಳು ಎಚ್ಚರವಾಗೇ ಇದ್ದಳು. ಹೊಲಿಗೆ ಹಾಕಿ, ಎಬ್ಬಿಸಿ ಕೂರಿಸಿ, "ಕಣ್ಣು ಬಿಡಿ, ನನ್ನ ಕಡೆ ನೋಡಿ" ಎಂದರು. ಬಿಗಿ ಸಾಲಲಿಲ್ಲ. ಬಿಚ್ಚಿ ಮತ್ತೆ ಹಾಕಿದರು.

"ಟ್ರಯಲ್ ನೋಡ್ತಿದ್ದೀರಾ ಡಾಕ್ಟ್ರೇ?"

"ಹೌದಮ್ಮ. ಏರುಪೇರಾದ್ರೆ ಗಿರಾಕಿ ಸುಮ್ಮನೆ ಬಿಡ್ತಾರಾ?"

ಊತ ಇಳಿದ ಮೇಲೆ, ಸೊಸೆ ತಾನೇ ಮೊಳೆಯಿಂದ ಕತ್ತರಿ ತೆಗೆದು ಅತ್ತೆಯ ಕೈಗೆ ಕೊಟ್ಟಳು. ಹೊಸ ಬಿಳಿ ಬಟ್ಟೆ ಹಾಸಿತ್ತು. ಗದ್ದ ತಗ್ಗಿತ್ತು, ಹಣೆ ಸಡಿಲವಾಗಿತ್ತು. ಕತ್ತರಿ ನೀಲಿ ಗೆರೆಯ ಮೇಲೇ ಕೊನೆಯವರೆಗೂ ಹೋಯಿತು.

"ಗದ್ದ ಇಳಿಸಿದ್ರೆ ಎಷ್ಟು ಸಾಧು ಕಾಣ್ತೀರಿ ಅತ್ತೆ!"

"ಹೂಂ. ನೀನು ಮಾಡಿದ ಕಟಿಂಗಿನ ಓರೆಕೋರೆಯೂ ಈಗ ಚೆನ್ನಾಗಿ ಕಾಣ್ತಿದೆ. ಬಾ ಇಲ್ಲಿ."

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಯಾರಾದರೂ ಗದ್ದ ಎತ್ತಿ, ಹುಬ್ಬೇರಿಸಿ ನೋಡುತ್ತಿದ್ದರೆ ಜಂಭ ಎನ್ನಬೇಡಿ, ನಿದ್ದೆಗಣ್ಣು ಎನ್ನಬೇಡಿ. ಕಣ್ಣಿನ ಡಾಕ್ಟರಿಗೆ ತೋರಿಸಿ. ಸಂಜೆಯಾದಂತೆ ರೆಪ್ಪೆ ಹೆಚ್ಚು ಇಳಿಯುತ್ತಿದ್ದರೆ ಅದನ್ನೂ ಹೇಳಿ. ಮಗುವಿನ ರೆಪ್ಪೆ ಇಳಿದಿದ್ದರೆ ದೊಡ್ಡದಾದ ಮೇಲೆ ಸರಿಹೋಗುತ್ತೆ ಎಂದು ಕಾಯಬೇಡಿ, ನೋಟವೇ ಮಂದವಾಗಿ ಉಳಿಯಬಹುದು. ರೆಪ್ಪೆ ಇದ್ದಕ್ಕಿದ್ದಂತೆ ಬಿದ್ದರೆ, ಜೊತೆಗೆ ವಿಪರೀತ ತಲೆನೋವು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಉಸಿರಾಡಲು ಕಷ್ಟವಾಗುವುದು ಇದ್ದರೆ, ಆ ಗಳಿಗೆಯೇ ದೊಡ್ಡಾಸ್ಪತ್ರೆಗೆ ಹೊರಡಿ.

ನೀವು ಇದನ್ನು ಓದಿ ಮುಗಿಸುವಷ್ಟು ಹೊತ್ತೂ ಆ ಪುಟಾಣಿ ಬೆರಳು ದಾರ ಬಿಟ್ಟಿಲ್ಲ. ನಮ್ಮನ್ನು ಒಂದು ಮಾತೂ ಕೇಳದೆ ನಮ್ಮನ್ನು ಕಾಯುವ ಅದನ್ನು, ರೆಪ್ಪೆ ಸೋತ ದಿನ ನಾವು ಕಾಯೋಣ.